ಇರೋಕೊ: ತೇಗವಲ್ಲದ ‘ಆಫ್ರಿಕನ್ ತೇಗ’

ಮರಮುಟ್ಟಿನ ವಿಷಯವಾಗಿ ಈಚೆಗೆ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮರದ ಸುತ್ತ ಇದ್ದವು. ಬರೆದವರಲ್ಲಿ ಕೆಲವರಿಗೆ ಅದರ ನಿಜವಾದ ಹೆಸರು ಗೊತ್ತಿರಲಿಲ್ಲ, ಗೊತ್ತಿದ್ದವರು ಬೇರೆ ಬೇರೆ ಹೆಸರುಗಳಿಂದ ಕರೆದಿದ್ದರು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಮರಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಬಾಗಿಲವಾಡ ಮತ್ತು ಕಿಟಕಿಗಳಿಗೆ ತೇಗ ಕೇಳಿದಾಗ ವ್ಯಾಪಾರಿಗಳು ‘ಆಫ್ರಿಕನ್ ತೇಗ’ ತೋರಿಸಿದರು. ಹೊಸದಾಗಿ ಕೊಯ್ದ ತುಂಡು ಹಳದಿಯಾಗಿತ್ತು, ಹಳೆಯ ಹಲಗೆಗಳು ಕಂದು ಬಣ್ಣಕ್ಕೆ ತಿರುಗಿದ್ದವು, ವಾಸನೆ ಏನೂ ಇರಲಿಲ್ಲ. ಇದು ತೇಗವೇ? ಬಾಳಿಕೆ ಬರುತ್ತದೆಯೇ? (ತುಮಕೂರಿನ ಓದುಗರು)

ಉತ್ತರ: ‘ಆಫ್ರಿಕನ್ ತೇಗ’ ಎಂಬುದು ಒಂದು ಮರದ ಹೆಸರಲ್ಲ, ವ್ಯಾಪಾರದ ಹೆಸರು. ಅದರ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಮರಗಳಿರಬಹುದು. ಮೊದಲನೆಯದು ನಿಜವಾದ ತೇಗವೇ: ನಮ್ಮ ಕಾಡುಗಳ ಟೆಕ್ಟೋನ ಗ್ರಾಂಡಿಸ್ ಅನ್ನು ವಸಾಹತು ಕಾಲದಲ್ಲಿ ಆಫ್ರಿಕಕ್ಕೆ ಒಯ್ದು ನೆಟ್ಟರು, ಘಾನಾ, ಐವರಿ ಕೋಸ್ಟ್, ಬೆನಿನ್, ಟಾಂಜಾನಿಯಾಗಳ ನೆಡುತೋಪುಗಳಿಂದ ಈಗ ಆ ತೇಗ ಭಾರತಕ್ಕೆ ದಿಮ್ಮಿಗಳಾಗಿ ಮರಳಿ ಬರುತ್ತಿದೆ. ಎರಡನೆಯದು ಅಫ್ರೋರ್ಮೋಸಿಯ, ಅದು ದ್ವಿದಳ ಧಾನ್ಯಗಳ ಕುಟುಂಬದ ಮರ. ಮೂರನೆಯದು ಇರೋಕೊ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ನಿಮಗೆ ತೋರಿಸಿದ್ದು ಬಹುಮಟ್ಟಿಗೆ ಇದೇ ಇರಬೇಕು.

ಇರೋಕೊ ತೇಗದ ಬಳಗಕ್ಕೆ ಸೇರಿದ್ದಲ್ಲ. ಅದು ನಮ್ಮ ಹಲಸು, ಹೆಬ್ಬಲಸು, ಆಲ, ಅರಳಿ, ಹಿಪ್ಪುನೇರಳೆಗಳಿರುವ ಮೊರೇಸಿ ಕುಟುಂಬದ್ದು. ತೊಗಟೆಗೆ ಗಾಯವಾದರೆ ಹಲಸಿನ ಮೇಣದಂತೆ ಬಿಳಿಯ ಹಾಲು ಸುರಿಯುತ್ತದೆ, ಕೊಯ್ದ ಚೇಗು (ಕಾಂಡದ ಒಳಗಿನ ಗಟ್ಟಿ ಭಾಗ) ಹಲಸಿನ ಹಲಗೆಯಂತೆ ಮೊದಲು ಹಳದಿಯಾಗಿದ್ದು ಬೆಳಕು ತಾಗಿದಷ್ಟೂ ಕಂದಾಗುತ್ತ ಹೋಗುತ್ತದೆ. ಹಲಸಿನ ಮರದ ಬಾಗಿಲು, ಕಂಬ, ವೀಣೆಗಳನ್ನು ಕಂಡು ಬೆಳೆದ ನಮಗೆ ಇರೋಕೊವನ್ನು ಹಲಸಿನ ದೂರದ ದಾಯಾದಿ ಎಂದು ಅರಿತುಕೊಳ್ಳುವುದು ತೇಗದ ಅಗ್ಗದ ರೂಪ ಎಂದುಕೊಳ್ಳುವುದಕ್ಕಿಂತ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಮಿಲೀಸಿಯ ಎಕ್ಸೆಲ್ಸ. ಡಚ್ ಸಸ್ಯವಿಜ್ಞಾನಿ ಬರ್ಗ್ 1982ರಲ್ಲಿ ಈ ಹೆಸರು ಕೊಡುವವರೆಗೆ ಇದನ್ನು ಕ್ಲೋರೋಫೋರ ಎಕ್ಸೆಲ್ಸ ಎನ್ನುತ್ತಿದ್ದರು, ಹಳೆಯ ಪುಸ್ತಕಗಳಲ್ಲಿ ಅದೇ ಇದೆ. ಗಿನಿಯಿಂದ ಪೂರ್ವದ ಮೊಜಾಂಬಿಕ್‌ವರೆಗೆ ಆಫ್ರಿಕದ ಉಷ್ಣವಲಯದ ಉದ್ದಕ್ಕೂ ಹರಡಿರುವ ಈ ಮರ 50 ಮೀಟರ್‌ವರೆಗೆ ಬೆಳೆಯುತ್ತದೆ, ದೊಡ್ಡ ಮರಗಳಲ್ಲಿ ಮೊದಲ ಕೊಂಬೆಯವರೆಗೆ 20 ಮೀಟರ್ ನೆಟ್ಟನೆಯ ಕಾಂಡ ಸಿಗುತ್ತದೆ. ಇದರ ಒಡಹುಟ್ಟು ಮಿಲೀಸಿಯ ರೀಜಿಯ ಸೆನೆಗಲ್‌ನಿಂದ ಘಾನಾವರೆಗಿನ ಪಶ್ಚಿಮ ಭಾಗದಲ್ಲಷ್ಟೇ ಇದೆ. ಮಾರುಕಟ್ಟೆಯಲ್ಲಿ ಎರಡನ್ನೂ ಇರೋಕೊ ಎಂದೇ ಮಾರುತ್ತಾರೆ.

ತೇಗದಿಂದ ಇದನ್ನು ಗುರುತಿಸಲು ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹಲಗೆಯ ಅಡ್ಡ ತುದಿಯನ್ನು ಹರಿತವಾದ ಉಳಿಯಿಂದ ನಯವಾಗಿ ಕತ್ತರಿಸಿ, ಸ್ವಲ್ಪ ನೀರು ಸವರಿ, ಭೂತಗನ್ನಡಿಯಲ್ಲಿ ನೋಡಿ. ತೇಗದಲ್ಲಿ ಪ್ರತಿ ವರ್ಷದ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳು ಸಾಲಾಗಿ ನಿಂತಿರುತ್ತವೆ. ಇರೋಕೊದಲ್ಲಿ ರಂಧ್ರಗಳು ಎಲ್ಲೆಡೆ ಚೆದುರಿರುತ್ತವೆ, ಒಂದೊಂದರ ಸುತ್ತಲೂ ರೆಕ್ಕೆ ಚಾಚಿದಂತೆ ತಿಳಿಬಣ್ಣದ ಅಂಗಾಂಶ ಹಬ್ಬಿ ಪಕ್ಕದ ರೆಕ್ಕೆಯನ್ನು ಮುಟ್ಟಿರುತ್ತದೆ. ಹಲಗೆಯ ಮುಖದ ಮೇಲೆ ಕಾಣುವ ತಿಳಿಬಣ್ಣದ ಅಂಕುಡೊಂಕು ಗೆರೆಗಳು ಇವೇ. ಇದಲ್ಲದೆ ತೇಗವನ್ನು ಕೆರೆದರೆ ತೊಗಲಿನ ವಾಸನೆ ಬರುತ್ತದೆ, ಕೈಗೆ ಎಣ್ಣೆಯ ಜಿಡ್ಡು ತಾಗುತ್ತದೆ. ಇರೋಕೊಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ, ಜಿಡ್ಡೂ ಕಡಿಮೆ. ಅನುಮಾನ ಉಳಿದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಒಂದು ಚಿಕ್ಕ ತುಂಡನ್ನು ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಬಹುದು.

ಇನ್ನು ಬಾಳಿಕೆ. ಒಣಗಿದ ಇರೋಕೊ ಒಂದು ಘನ ಮೀಟರಿಗೆ ಸುಮಾರು 660 ಕಿಲೋಗ್ರಾಂ, ನಮ್ಮ ಲೆಕ್ಕದಲ್ಲಿ ಘನ ಅಡಿಗೆ 18ರಿಂದ 19 ಕಿಲೋ ತೂಗುತ್ತದೆ, ತೇಗದ ತೂಕವೂ ಹೆಚ್ಚುಕಡಿಮೆ ಇಷ್ಟೇ. ಉಕ್ಕಿನ ಗುಂಡನ್ನು ಮರದೊಳಕ್ಕೆ ಅರ್ಧದಷ್ಟು ಒತ್ತಿ ಗಡಸುತನ ಅಳೆಯುವ ಜಂಕಾ ಪರೀಕ್ಷೆಯಲ್ಲಿ ತೇಗಕ್ಕೆ ಸುಮಾರು 4,700 ನ್ಯೂಟನ್ ಬೇಕಾದರೆ ಇರೋಕೊಗೆ ಸುಮಾರು 5,600 ಬೇಕು. ಬಾಗಿಲು ಕಿಟಕಿಗಳ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದುದು ಒಣಗುವಾಗಿನ ಕುಗ್ಗುವಿಕೆ. ಹಸಿಯಿಂದ ಪೂರ್ತಿ ಒಣಗುವವರೆಗೆ ಇರೋಕೊ ಉಂಗುರಗಳಿಗೆ ಅಡ್ಡಲಾಗಿ ಸುಮಾರು ಶೇ. 2.8, ಉಂಗುರಗಳ ಗುಂಟ ಸುಮಾರು ಶೇ. 3.8 ಕುಗ್ಗುತ್ತದೆ. ಈ ಎರಡು ಅಂಕಿಗಳು ಪರಸ್ಪರ ಹತ್ತಿರವಿದ್ದಷ್ಟೂ ಹಲಗೆ ಸೊಟ್ಟಗಾಗುವುದು ಕಡಿಮೆ. ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುವ ತೊಂದರೆಯನ್ನು ಅನುಭವಿಸಿದವರಿಗೆ ಈ ಗುಣದ ಬೆಲೆ ಗೊತ್ತು.

ಗೆದ್ದಲು ಮತ್ತು ಕೊಳೆತವನ್ನು ಇರೋಕೊದ ಚೇಗು ಚೆನ್ನಾಗಿ ತಡೆಯುತ್ತದೆ. ಆದರೆ ಈ ಮಾತು ಚೇಗಿಗೆ ಮಾತ್ರ ಸಲ್ಲುತ್ತದೆ. ತೊಗಟೆಯ ಒಳಗಿನ ಬಿಳಿ ಭಾಗಕ್ಕೆ ಈ ಶಕ್ತಿಯಿಲ್ಲ, ಅದಕ್ಕೆ ಕುಟ್ಟೆಹುಳು ಬೀಳುತ್ತದೆ, ಒಂದೆರಡು ವರ್ಷಗಳಲ್ಲಿ ಹಿಟ್ಟು ಉದುರಲು ತೊಡಗುತ್ತದೆ. ಬಿಳಿ ಭಾಗವಿರುವ ಹಲಗೆಯನ್ನು ಬಾಗಿಲವಾಡಕ್ಕೆ ಒಪ್ಪಿಕೊಳ್ಳಬೇಡಿ. ಕೊನೆಗೆ ಬೆಲೆ: ತೇಗದ ಬೆಲೆ ಕೊಟ್ಟು ಇರೋಕೊ ತರಬೇಡಿ, ಇರೋಕೊದ ಬೆಲೆಗೆ ಸಿಕ್ಕರೆ ಹಿಂಜರಿಯಬೇಡಿ.

ಪ್ರಶ್ನೆ: ನಾನು ನಲವತ್ತು ವರ್ಷಗಳಿಂದ ಬಡಗಿ. ಇರೋಕೊ ದಿಮ್ಮಿಯನ್ನು ಕೊಯ್ಯುವಾಗ ಗರಗಸದ ಹಲ್ಲುಗಳು ಒಮ್ಮೆಲೇ ಮುರಿದವು. ಒಳಗೆ ಹೆಬ್ಬೆರಳಿನಷ್ಟು ದೊಡ್ಡ ಬಿಳಿಯ ಕಲ್ಲು ಇತ್ತು. ಮರದೊಳಗೆ ಕಲ್ಲು ಹೇಗೆ ಸೇರಿತು? (ಮಂಗಳೂರು ಸಮೀಪದ ಓದುಗರು)

ಉತ್ತರ: ಯಾರೋ ಹೊಡೆದ ಕಲ್ಲು ಒಳಗೆ ಸಿಕ್ಕಿಕೊಂಡಿರಬಹುದು ಎಂದು ನೀವು ಪತ್ರದಲ್ಲಿ ಊಹಿಸಿದ್ದೀರಿ. ಅದು ಹಾಗಲ್ಲ, ಆ ಕಲ್ಲನ್ನು ಮರವೇ ಕಟ್ಟಿಕೊಂಡಿದೆ. ಇರೋಕೊದ ಈ ಒಂದು ಗುಣದ ಬಗ್ಗೆ ಎಷ್ಟು ಬರೆದರೂ ನನಗೆ ತೃಪ್ತಿಯಾಗುವುದಿಲ್ಲ.

ನೀವು ಕಂಡದ್ದು ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣಕಲ್ಲಿನದೇ ವಸ್ತು. ಮರಗೆಲಸದವರು ಇದನ್ನು ‘ಇರೋಕೊ ಕಲ್ಲು’ ಎನ್ನುತ್ತಾರೆ. ಮರ ತನ್ನ ಎಲೆ, ತೊಗಟೆ, ಕಾಂಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಹರಳುಗಳನ್ನು ಹೇರಳವಾಗಿ ಕೂಡಿಡುತ್ತದೆ. ಕೆಸುವಿನ ಎಲೆ ತಿಂದಾಗ ಗಂಟಲು ಕೆರೆಯುವಂತೆ ಮಾಡುವ ಹರಳುಗಳೂ ಇದೇ ವಸ್ತುವಿನವು. ಎಲೆ ಮತ್ತು ರೆಂಬೆಗಳು ನೆಲಕ್ಕೆ ಬಿದ್ದಾಗ ಶಿಲೀಂಧ್ರಗಳೂ ಗೆದ್ದಲುಗಳೂ ಅವನ್ನು ಒಡೆದು ಪುಡಿಮಾಡುತ್ತವೆ, ಮಣ್ಣಿನ ಬ್ಯಾಕ್ಟೀರಿಯಗಳು ಬಿಡುಗಡೆಯಾದ ಆಕ್ಸಲೇಟನ್ನು ಆಹಾರವಾಗಿ ಬಳಸಿ ಕಾರ್ಬೋನೇಟನ್ನು ಹಿಂದೆ ಬಿಡುತ್ತವೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣಕಲ್ಲಾಗುತ್ತದೆ. ಕಾಂಡದೊಳಗೆ ಗಾಯವಾದ ಅಥವಾ ಸೀಳಿದ ಜಾಗಗಳಲ್ಲಿಯೂ ಇದೇ ಕ್ರಿಯೆ ನಡೆದು ಪೊಳ್ಳುಗಳು ಕಲ್ಲಿನಿಂದ ತುಂಬುತ್ತವೆ.

ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿಗಳು ಮತ್ತು ಸೂಕ್ಷ್ಮಜೀವಿ ವಿಜ್ಞಾನಿಗಳು 2000ದ ದಶಕದ ಆರಂಭದಲ್ಲಿ ಐವರಿ ಕೋಸ್ಟ್‌ನ ಇರೋಕೊ ಮರಗಳ ಬುಡವನ್ನು ಅಗೆದು ನೋಡಿದರು. ಅಲ್ಲಿನ ನೆಲ ನಮ್ಮ ಕರಾವಳಿ, ಮಲೆನಾಡುಗಳ ಕೆಂಪು ಮಣ್ಣಿನಂತೆ ಹುಳಿಯಾದ ಮಣ್ಣು, ಸುಣ್ಣಕಲ್ಲಿನ ಸುಳಿವೇ ಇಲ್ಲದ್ದು. ಆದರೂ ಮರದ ಸುತ್ತಲಿನ ಮಣ್ಣು ಮಾತ್ರ ಕ್ಷಾರೀಯವಾಗಿ ಮಾರ್ಪಟ್ಟು ಅದರಲ್ಲಿ ಸುಣ್ಣ ಗಟ್ಟಿಕಟ್ಟಿತ್ತು. ಮರ ಗಾಳಿಯಿಂದ ಹೀರಿದ ಇಂಗಾಲದ ಒಂದು ಪಾಲು ಹೀಗೆ ಕಲ್ಲಾಗಿ ನೆಲದಲ್ಲಿ ಉಳಿಯುತ್ತದೆ. ಮರ ಸತ್ತು ಕೊಳೆತರೆ ಅದರ ಸೌದೆಯಲ್ಲಿದ್ದ ಇಂಗಾಲ ಗಾಳಿಗೆ ಮರಳುತ್ತದೆ, ಕಲ್ಲಿನಲ್ಲಿ ಸೇರಿದ್ದು ಬಹುಕಾಲ ಅಲ್ಲೇ ಇರುತ್ತದೆ. ನಿಮ್ಮ ಗರಗಸ ಮುರಿದ ಆ ಬಿಳಿ ಗಟ್ಟಿ ಒಂದು ಕಾಲದಲ್ಲಿ ಆಫ್ರಿಕದ ಕಾಡಿನ ಗಾಳಿಯಾಗಿತ್ತು. ಅದನ್ನು ಎಸೆದಿಲ್ಲವಾದರೆ ದಯವಿಟ್ಟು ನಿಮ್ಮೂರಿನ ಶಾಲೆಗೆ ಕೊಡಿ.

ಕೆಲಸದ ಮಾತಿಗೆ ಬಂದರೆ, ಕಲ್ಲಿನ ಸುತ್ತಲಿನ ಮರ ಅನೇಕ ಸಲ ಗಾಢ ಬಣ್ಣಕ್ಕೆ ತಿರುಗಿರುತ್ತದೆ. ಅಂಥ ಕಲೆ ಕಂಡಲ್ಲಿ ಮೊದಲು ಉಳಿಯಿಂದ ಕೆದಕಿ ನೋಡಿ, ಆಮೇಲೆ ಯಂತ್ರಕ್ಕೆ ಕೊಡಿ. ಕಾರ್ಬೈಡ್ ಹಲ್ಲಿನ ಬ್ಲೇಡ್ ಬಳಸುವುದು ಉತ್ತಮ. ಇರೋಕೊದ ಎಳೆಗಳು ಒಂದು ಪದರದಲ್ಲಿ ಬಲಕ್ಕೂ ಮುಂದಿನದರಲ್ಲಿ ಎಡಕ್ಕೂ ವಾಲಿ ಹೆಣೆದುಕೊಂಡಿರುವುದರಿಂದ ತೋಪಡ ಹೊಡೆಯುವಾಗ ಒಂದು ಪಟ್ಟಿ ನಯವಾದರೆ ಪಕ್ಕದ್ದು ಕಿತ್ತುಬರುತ್ತದೆ. ಅಲಗನ್ನು ಆಗಾಗ ಮಸೆದು, ಒಮ್ಮೆಗೆ ತೀರ ತೆಳುವಾದ ಪದರವನ್ನಷ್ಟೇ ತೆಗೆಯಿರಿ. ಅಂಟು ಚೆನ್ನಾಗಿ ಹಿಡಿಯುತ್ತದೆ.

ಪ್ರಶ್ನೆ: ನನ್ನ ತಂದೆ ಮರಗೆಲಸ ಮಾಡುತ್ತಾರೆ. ಈ ಹಳದಿ ಮರದ ಕೆಲಸ ಹಿಡಿದಾಗಿನಿಂದ ಸೀನು, ಕಣ್ಣುರಿ, ಮುಂಗೈ ಮೇಲೆ ಕೆಂಪು ದದ್ದು. ಮರದಿಂದ ಹೀಗಾಗುತ್ತದೆಯೇ? (ಕಾರ್ಕಳದ ಓದುಗರು)

ಉತ್ತರ: ಆಗುತ್ತದೆ, ಮತ್ತು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇರೋಕೊದ ಚೇಗಿನಲ್ಲಿ ಕ್ಲೋರೋಫೋರಿನ್ ಎಂಬ ರಾಸಾಯನಿಕವಿದೆ. ಕೊಳೆತವನ್ನು ತಡೆಯಲು ಮರಕ್ಕೆ ನೆರವಾಗುವ ಇಂಥ ವಸ್ತುಗಳೇ ಕೆಲವರ ಚರ್ಮ, ಮೂಗು, ಕಣ್ಣುಗಳನ್ನು ಕೆರಳಿಸುತ್ತವೆ. ಇರೋಕೊ ಹುಡಿಯಿಂದ ಚರ್ಮದ ಅಲರ್ಜಿ ಬರುವುದು ಚೆನ್ನಾಗಿ ದಾಖಲಾಗಿದೆ, ಕೆಲವರಲ್ಲಿ ಅದು ಉಬ್ಬಸಕ್ಕೂ ತಿರುಗುತ್ತದೆ. ಇದಲ್ಲದೆ ಯಾವುದೇ ಮರದ ಹುಡಿಯನ್ನು ವರ್ಷಾನುಗಟ್ಟಲೆ ಉಸಿರಾಡುವುದು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲೇ ವರ್ಗೀಕರಿಸಿದೆ.

ನಿಮ್ಮ ತಂದೆಯವರನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ದು, ಇರೋಕೊ ಎಂಬ ಹೆಸರನ್ನೇ ಹೇಳಿ. ‘ತೇಗದ ಕೆಲಸ’ ಎಂದರೆ ವೈದ್ಯರ ಯೋಚನೆ ಬೇರೆ ದಿಕ್ಕಿಗೆ ಹೋಗಬಹುದು. ಮುಖಕ್ಕೆ ಟವೆಲು ಸುತ್ತಿಕೊಂಡರೆ ನುಣ್ಣನೆಯ ಹುಡಿ ನಿಲ್ಲುವುದಿಲ್ಲ, ಎನ್95 ಮಾಸ್ಕ್ ಬೇಕು. ತುಂಬುತೋಳಿನ ಅಂಗಿ ಹಾಕಿಕೊಳ್ಳಲಿ. ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಲಿ. ಕೆಲಸದ ಬಟ್ಟೆಯನ್ನು ಮನೆಯೊಳಗೆ ತರದಿರಲಿ. ಇಷ್ಟಾದರೂ ತೊಂದರೆ ನಿಲ್ಲದಿದ್ದರೆ ಈ ಮರದ ಕೆಲಸವನ್ನೇ ಬಿಡಬೇಕಾಗುತ್ತದೆ, ಏಕೆಂದರೆ ಒಮ್ಮೆ ಹತ್ತಿದ ಅಲರ್ಜಿ ಮತ್ತೆ ಮತ್ತೆ ಹುಡಿ ತಾಗಿದಂತೆಲ್ಲ ಬಲಿಯುವುದುಂಟು. ಸಿದ್ಧವಾದ ಬಾಗಿಲು, ಮೇಜುಗಳನ್ನು ಬಳಸುವವರು ಹೆದರಬೇಕಾಗಿಲ್ಲ, ತೊಂದರೆಯಿರುವುದು ಹುಡಿಯಲ್ಲಿ.

ಪ್ರಶ್ನೆ: ನಾವು ಕಂಪಾಲದಲ್ಲಿ ನೆಲೆಸಿರುವ ಕನ್ನಡಿಗರು. ಇಲ್ಲಿ ಒಳ್ಳೆಯ ಪೀಠೋಪಕರಣವೆಂದರೆ ‘ಮ್ವುಲೆ’ ಮರದ್ದು ಎನ್ನುತ್ತಾರೆ. ನಿಮ್ಮ ಅಂಕಣದಲ್ಲಿ ಒಮ್ಮೆ ಪ್ರಸ್ತಾಪವಾದ ಇರೋಕೊ ಇದೇನಾ? ಜನರು ಈ ಮರವನ್ನು ಗೌರವದಿಂದ ಕಾಣುತ್ತಾರಂತೆ, ಏಕೆ?

ಉತ್ತರ: ಹೌದು, ಎರಡೂ ಒಂದೇ. ‘ಇರೋಕೊ’ ನೈಜೀರಿಯದ ಯೊರುಬಾ ಭಾಷೆಯ ಮಾತು. ಇಗ್ಬೊ ಭಾಷೆಯಲ್ಲಿ ಅದು ‘ಒಜಿ’, ಘಾನಾದಲ್ಲಿ ‘ಓಡುಮ್’, ಕಾಂಗೊ ಕಡೆ ‘ಕಂಬಾಲ’, ನೀವಿರುವ ಪೂರ್ವ ಆಫ್ರಿಕದಲ್ಲಿ ‘ಮ್ವುಲೆ’. ವಿಕ್ಟೋರಿಯಾ ಸರೋವರದ ಮೀನುಗಾರರ ದೋಣಿಗಳಿಗೂ ಈ ಮರ ಒದಗಿದೆ. ನೀವು ಜಾಂಜಿಬಾರ್‌ಗೆ ಹೋದರೆ ಸ್ಟೋನ್ ಟೌನ್‌ನ ಕೆತ್ತನೆಯ ಬಾಗಿಲುಗಳನ್ನು ನೋಡದೆ ಬರಬೇಡಿ. ಅವನ್ನು ತೇಗ, ಮ್ವುಲೆ, ಹಲಸು ಮೊದಲಾದ ಮರಗಳಲ್ಲಿ ಮಾಡಿದ್ದಾರೆ. ಚಿಕ್ಕ ಚಿಕ್ಕ ಚೌಕಗಳಿರುವ ಒಂದು ಬಗೆಯನ್ನು ಇಂದಿಗೂ ಗುಜರಾತಿ ಬಾಗಿಲು ಎಂದೇ ಕರೆಯುತ್ತಾರೆ. ಹಲಸೂ ಅದರ ದಾಯಾದಿಯೂ ಒಂದೇ ಬೀದಿಯ ಬಾಗಿಲುಗಳಾಗಿ ನಿಂತಿರುವುದು ಅಲ್ಲಿ ಕಾಣಸಿಗುತ್ತದೆ.

ಈ ಮರಕ್ಕೆ ಸಲ್ಲುವ ಗೌರವದ ಬಗ್ಗೆಯೂ ಕೇಳಿದ್ದೀರಿ. ಯೊರುಬಾ ಜನರ ನಂಬಿಕೆಯಲ್ಲಿ ದೊಡ್ಡ ಇರೋಕೊ ಮರದಲ್ಲಿ ಚೇತನವೊಂದು ವಾಸವಾಗಿರುತ್ತದೆ, ಅದಕ್ಕೆ ಕಾಣಿಕೆ ಅರ್ಪಿಸದೆ ಕೊಡಲಿ ಹಾಕುವಂತಿಲ್ಲ. ಬೆನಿನ್‌ನಲ್ಲಿ ಈ ಮರದ ದೈವಕ್ಕೆ ‘ಲೋಕೊ’ ಎಂದು ಹೆಸರು. ಅಲ್ಲಿನ ವೀಡಾ ಪಟ್ಟಣದ ಪವಿತ್ರ ವನದಲ್ಲಿ ಒಂದು ಇರೋಕೊ ಇದೆ, ಪಟ್ಟಣವನ್ನು ಕಟ್ಟಿದ ದೊರೆ ಕ್ಪಾಸೆ ಸಾಯದೆ ಆ ಮರವಾಗಿ ನಿಂತನೆಂಬುದು ಜನರ ನಂಬಿಕೆ. ದೇವರ ಕಾಡು, ಬನಗಳನ್ನು ಕಾಯ್ದುಕೊಂಡು ಬಂದ ಕೊಡಗು, ತುಳುನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುತ್ತಲಿನ ಕಾಡು ಹೊಲವಾದ ಮೇಲೂ ಪಶ್ಚಿಮ ಆಫ್ರಿಕದ ಹಳ್ಳಿಗಳ ನಡುವೆ ಒಂಟಿ ಇರೋಕೊಗಳು ಉಳಿದಿರುವುದಕ್ಕೆ ಈ ಭಕ್ತಿಯೂ ಒಂದು ಕಾರಣ.

ಪ್ರಶ್ನೆ: ಇರೋಕೊವನ್ನು ಮನೆಯ ಹೊರಗೆ ಎಲ್ಲೆಲ್ಲಿ ಬಳಸಬಹುದು? ಪಾಲಿಶ್ ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಮುಂಬಾಗಿಲು, ಕಿಟಕಿ, ಗೇಟು, ತೋಟದ ಬೆಂಚು, ಜಗಲಿಯ ಕಂಬ, ಎಲ್ಲಕ್ಕೂ ಆಗುತ್ತದೆ. ದೋಣಿ ಕಟ್ಟುವವರು ಇದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಬ್ರಿಟನ್ನಿನ ಶಾಲೆಗಳಲ್ಲಿ ವಿಜ್ಞಾನದ ಪ್ರಯೋಗಾಲಯದ ಮೇಜುಗಳಿಗೆ ಇರೋಕೊ ಹಲಗೆ ಹಾಕುವ ರೂಢಿಯಿತ್ತು. ಆಮ್ಲ ಚೆಲ್ಲಿ, ಬೆಂಕಿ ತಾಗಿ, ಮಕ್ಕಳು ಹೆಸರು ಕೊರೆದು ದಶಕಗಳು ಕಳೆದ ಆ ಹಲಗೆಗಳನ್ನು ಈಗ ಕೀಸಿ ಅಡುಗೆಮನೆಯ ಕಟ್ಟೆಗಳಿಗೆ ಮತ್ತೆ ಬಳಸುತ್ತಿದ್ದಾರೆ.

ಇದರ ರಂಧ್ರಗಳು ದೊಡ್ಡವಾದ್ದರಿಂದ ಕನ್ನಡಿಯಂಥ ನುಣುಪು ಬೇಕಿದ್ದರೆ ಮೊದಲು ಫಿಲ್ಲರ್ ತುಂಬಬೇಕು. ಎಣ್ಣೆಯ ವಾರ್ನಿಶ್ ಕೆಲವೊಮ್ಮೆ ನಿಧಾನವಾಗಿ ಒಣಗುತ್ತದೆ, ಹಚ್ಚುವ ಮುನ್ನ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಂದು ತುಂಡಿನ ಮೇಲೆ ಪ್ರಯೋಗ ಮಾಡಿ ನೋಡಿ. ಮಳೆ ತಾಗುವಲ್ಲಿ ಕಬ್ಬಿಣದ ಮೊಳೆ ಬೇಡ, ಕಪ್ಪು ಕಲೆ ಬೀಳುತ್ತದೆ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿ. ಹೊಸ ಮೇಜಿನ ಮೇಲೆ ಮೊದಲ ಕೆಲವು ತಿಂಗಳು ಹೂದಾನಿಯನ್ನು ಒಂದೇ ಕಡೆ ಇಟ್ಟರೆ ಅದರ ಅಡಿಯಲ್ಲಿ ಹಳದಿ ವೃತ್ತ ಉಳಿಯುತ್ತದೆ. ಪಾಲಿಶ್ ಇಲ್ಲದೆ ಬಿಸಿಲು ಮಳೆಗೆ ಬಿಟ್ಟ ಮರ ಬೂದಿ ಬಣ್ಣಕ್ಕೆ ಬರುತ್ತದೆ, ಅದರಿಂದ ಒಳಗಿನ ಗಟ್ಟಿತನಕ್ಕೆ ಕೊರತೆಯಿಲ್ಲ.

ಪ್ರಶ್ನೆ: ನಾನು ಅರಣ್ಯಶಾಸ್ತ್ರದ ವಿದ್ಯಾರ್ಥಿನಿ. ಇಷ್ಟು ಒಳ್ಳೆಯ ಮರವನ್ನು ತೇಗದಂತೆ ತೋಪು ಮಾಡಿ ಏಕೆ ಬೆಳೆಸುತ್ತಿಲ್ಲ? ಕಾಡಿನಿಂದ ಕಡಿದು ತಂದ ಮರವನ್ನು ಕೊಳ್ಳುವುದು ಸರಿಯೇ? (ಶಿರಸಿ)

ಉತ್ತರ: ತೋಪು ಮಾಡುವ ಪ್ರಯತ್ನಗಳು ಬಹಳ ನಡೆದಿವೆ. ಅವನ್ನು ಸೋಲಿಸಿದ್ದು ಫೈಟೋಲೈಮ ಎಂಬ ಎಳ್ಳುಕಾಳಿನಷ್ಟು ಚಿಕ್ಕ ಕೀಟ. ಅದರ ಮರಿ ಎಳೆಯ ಚಿಗುರಿನೊಳಗೆ ಸೇರಿಕೊಂಡರೆ ಚಿಗುರು ಗಂಟುಗಟ್ಟಿ ಅದನ್ನು ಸುತ್ತುವರಿಯುತ್ತದೆ, ಕೀಟ ಬಲಿತಾಗ ಗಂಟು ಒಡೆದು, ಆ ಗಾಯಕ್ಕೆ ಶಿಲೀಂಧ್ರ ತಗಲಿ, ಕುಡಿಯೇ ಕೊಳೆಯುತ್ತದೆ. ಕಾಡಿನಲ್ಲಿ ಚೆದುರಿ ಹುಟ್ಟುವ ಸಸಿಗಳಲ್ಲಿ ಕೆಲವು ಪಾರಾಗುತ್ತವೆ, ಸಾಲಾಗಿ ನೆಟ್ಟ ತೋಪಿನಲ್ಲಿ ಕೀಟ ಸಸಿಯಿಂದ ಸಸಿಗೆ ಸಲೀಸಾಗಿ ಹಬ್ಬುತ್ತದೆ. ಘಾನಾದ ಕುಮಾಸಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯವರು ಕೀಟವನ್ನು ತಾಳಿಕೊಳ್ಳುವ ತಳಿಗಳನ್ನು ಆರಿಸುವುದರಲ್ಲಿಯೂ, ಬೇರೆ ಮರಗಳ ನಡುವೆ ಇರೋಕೊವನ್ನು ಬೆರೆಸಿ ನೆಡುವುದರಲ್ಲಿಯೂ ದೀರ್ಘಕಾಲ ದುಡಿದಿದ್ದಾರೆ. ನೀವು ಸಂಶೋಧನೆಗೆ ವಿಷಯ ಹುಡುಕುತ್ತಿದ್ದರೆ ಅವರ ಕೆಲಸವನ್ನು ಓದಲೇಬೇಕು.

ಕಾಡಿನಲ್ಲಿಯೂ ಇದರ ಸಂತಾನ ಸುಲಭವಾಗಿ ಮುಂದುವರಿಯುವುದಿಲ್ಲ. ಗಂಡು ಮತ್ತು ಹೆಣ್ಣು ಮರಗಳು ಬೇರೆ ಬೇರೆ, ದೊಡ್ಡ ಮರಗಳನ್ನೆಲ್ಲ ಕಡಿದ ಕಡೆ ಉಳಿದ ಹೆಣ್ಣು ಮರಕ್ಕೆ ಪರಾಗ ಸಿಗುವುದು ಕಷ್ಟ. ಹಣ್ಣನ್ನು ತಿಂದು ಬೀಜವನ್ನು ದೂರಕ್ಕೆ ಒಯ್ಯುವವು ಮುಖ್ಯವಾಗಿ ಹಣ್ಣುಬಾವಲಿಗಳು. ಆ ಬಾವಲಿಗಳನ್ನು ಪಶ್ಚಿಮ ಆಫ್ರಿಕದಲ್ಲಿ ಮಾಂಸಕ್ಕಾಗಿ ಬೇಟೆಯಾಡುತ್ತಾರೆ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆ ಅತ್ಯಂತ ಯೋಗ್ಯವಾದುದು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ (ಪರವಾನಗಿಯಿದ್ದರಷ್ಟೇ ದೇಶದಿಂದ ದೇಶಕ್ಕೆ ಮಾರಬಹುದಾದವುಗಳ ಪಟ್ಟಿಗೆ) ಅಫ್ರೋರ್ಮೋಸಿಯ 1992ರಲ್ಲೇ ಸೇರಿದೆ. 2022ರ ನವೆಂಬರಿನಲ್ಲಿ ಪನಾಮದಲ್ಲಿ ನಡೆದ ಸಭೆ ಆಫ್ರಿಕದ ಪಡೌಕ್ ಮತ್ತು ಮಹಾಗನಿ ಜಾತಿಗಳನ್ನೂ ಸೇರಿಸಿತು. ಇರೋಕೊ ಆಗಲೂ ಸೇರಲಿಲ್ಲ. ಹಾಗೆಂದು ಅದು ಸುರಕ್ಷಿತವಾಗಿದೆ ಎಂದು ಅರ್ಥವಲ್ಲ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಪಾಯದ ಸಮೀಪದಲ್ಲಿರುವ ಮರವೆಂದು ಗುರುತಿಸಿದೆ. ಗಬೋನ್ ದೇಶ 2010ರಲ್ಲಿ ಇಡೀ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿ, ಕೊಯ್ದ ಮರವನ್ನಷ್ಟೇ ಹೊರಗೆ ಕಳಿಸುವ ನಿಯಮ ತಂದಿತು. ಗಬೋನ್, ಕಾಂಗೊಗಳಲ್ಲಿ ಕಾಡನ್ನು ಹಾಳುಗೆಡವದೆ ಮರ ಕಡಿಯುತ್ತಾರೆಂದು ಸಾರುವ ಎಫ್‌ಎಸ್‌ಸಿ ಪ್ರಮಾಣಪತ್ರವಿರುವ ಕಾಡುಗಳೂ ಇವೆ. ಅಂಥ ಕಾಡಿನಿಂದ ಬಂದ, ಕಾಗದಪತ್ರ ಸರಿಯಾಗಿರುವ ಮರವನ್ನು ಕೊಳ್ಳುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಮೂಲ ಹೇಳಲಾಗದ ಮರವನ್ನು ಬಿಟ್ಟುಬಿಡಬೇಕು. ಕೊಂಡರೆ ರಸೀದಿಯಲ್ಲಿ ‘ಆಫ್ರಿಕನ್ ತೇಗ’ ಎಂದು ಬರೆಸಿಕೊಳ್ಳದೆ, ‘ಇರೋಕೊ, ಮಿಲೀಸಿಯ ಎಕ್ಸೆಲ್ಸ’ ಎಂಬ ಹೆಸರನ್ನೂ ಮರ ಹೊರಟ ದೇಶದ ಹೆಸರನ್ನೂ ಬರೆಸಿಕೊಳ್ಳಿ.